ಹೊಡೆಯದೆ ಉಳಿದ ಆನೆ

ಕೈಗೆ ಸಿಕ್ಕ ಕಾಯಿಯನ್ನು ಹೊಡೆಯದೆ ಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನನಗೆ ಚೆಸ್ ಕಲಿಸಿದವರು ಗೌರಿಬಿದನೂರಿನ ನನ್ನ ಅಪ್ಪ. ಹೊಡೆಯಬಹುದಾದ ಕುದುರೆ ಕಣ್ಣೆದುರಿಗೇ ಇದ್ದು ನಾನು ಇನ್ನೇನೋ ನಡೆಸಿದರೆ ತಲೆಗೊಂದು ಮೊಟಕಿ, ಕಾಯಿಯನ್ನು ಹಿಂದಕ್ಕೆ ಇಡಿಸಿ, "ಇನ್ನೊಂದ್ಸಲ ನೋಡು" ಎನ್ನುತ್ತಿದ್ದರು. ಹಾಗೆ ಬೆಳೆದವಳು ನಾನು. ಈಗ ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಉತ್ತರ ಬೋರ್ಡಿನ ಮೇಲೇ ಇದ್ದರೂ ಕಾಣದೆ ಕೂತ ಮಕ್ಕಳನ್ನು ಕಂಡರೆ ಅಪ್ಪನ ಕೈ ನನಗೂ ಬರುತ್ತದೆ, ತಡೆದುಕೊಳ್ಳುತ್ತೇನೆ.

ದೊಡ್ಡ ಆಟಗಾರರ ಆಟಗಳನ್ನು ಫೋನಿನಲ್ಲಿ ನೋಡುವಾಗ ಕೆಲವೊಮ್ಮೆ ಒಂದು ಕಾಯಿ ನಡೆಯ ಮೇಲೆ ನಡೆ ಕಳೆದರೂ ಎದುರಾಳಿಯ ಬಾಯಿಗೆ ಸಿಕ್ಕಿಕೊಂಡೇ ನಿಂತಿರುತ್ತದೆ. ಇವನು ತೆಗೆಯುವುದಿಲ್ಲ, ಅವನು ಹೊಡೆಯುವುದಿಲ್ಲ. ಇಬ್ಬರಿಗೂ ಬೇರೆಲ್ಲೋ ಅದಕ್ಕಿಂತ ದೊಡ್ಡ ಕೆಲಸ ಇರುತ್ತದೆ. ನನಗೆ ಮಾತ್ರ ಅದನ್ನು ನೋಡಿಕೊಂಡು ಕೂರಲು ಆಗುವುದಿಲ್ಲ, ಯಾರಾದರೂ ಒಬ್ಬರು ಅದನ್ನು ಮುಗಿಸಬಾರದೇ ಅನ್ನಿಸುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮದೇ ಜಗಲಿಯ ಮೇಲೆ ನನ್ನದೇ ಆನೆಯೊಂದು ಹಾಗೆ ನಿಂತಿತು. ಎದುರಿಗೆ ಕೂತಿದ್ದವರು ನನ್ನ ಮಾವ.

ನಮ್ಮ ಊರು ಚಿಂತಾಮಣಿಯಿಂದ ಕೆಂಚಾರ್ಲಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿದೆ. ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಹುಳು ಮನೆ, ಎದುರಿಗೆ ನಾವಿರುವ ಮನೆ. ಮಾವ ಚೆಸ್ ಕಲಿತದ್ದು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ, ಹರಾಜಿಗೆ ಕಾಯುತ್ತಾ ಕೂತ ಹೊತ್ತಿನಲ್ಲಿ. ಅವರದು ಹಳೇ ಕ್ರಮದ ಆಟ. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಎರಡು ಮನೆ ನಡೆಸಿದಾಗ, ಅದ್ಯಾವ ಅವಸರ ನಿಮ್ಮೂರವರಿಗೆ ಎಂದು ನಕ್ಕಿದ್ದರು. ಅಂದಿನಿಂದ ನಾವು ಆಡುತ್ತಲೇ ಇದ್ದೇವೆ. ಆದರೆ ಆಡುತ್ತಿದ್ದುದು ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಹುಳು ತರುವ ನಡುವಿನ ಬಿಡುವಿನಲ್ಲಿ ಮಾತ್ರ. ಹುಳು ಮನೆಯಲ್ಲಿದ್ದಾಗ ಕೂತು ಆಟವಾಡುವ ಪುರುಸೊತ್ತು ಯಾರಿಗಿರುತ್ತದೆ?

ಬೇಸಿಗೆಗೆ ಸ್ವಲ್ಪ ಮುಂಚೆ ಮಾವನಿಗೆ ಸ್ಟ್ರೋಕ್ ಆಯಿತು. ಬೆಳಿಗ್ಗೆ ತೋಟದಿಂದ ಬಂದವರು ಜಗಲಿಯ ಕಂಬ ಹಿಡಿದು ನಿಂತೇ ಇದ್ದರು, ಎಡಗೈ ತೂಗಾಡುತ್ತಿತ್ತು. ತಕ್ಷಣ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ್ದರಿಂದ ಬಚಾವಾದರು. ಕೈಕಾಲು ಬೇಗ ತಕ್ಕಮಟ್ಟಿಗೆ ಹಿಡಿತಕ್ಕೆ ಬಂದವು, ಮಾತು ಹೋಗಿರಲೇ ಇಲ್ಲ. ಆದರೆ ಎದ್ದು ಕೂತು ಊಟ ಮಾಡಿದ ಮೊದಲ ದಿನ ತಟ್ಟೆಯ ಬಲಗಡೆಯ ಅನ್ನ ಪೂರ್ತಿ ತಿಂದು, ಎಡಗಡೆಯದನ್ನು ಹಾಗೇ ಬಿಟ್ಟು, ಇನ್ನೊಂದು ಸ್ವಲ್ಪ ಅನ್ನ ಹಾಕಮ್ಮ ಎಂದರು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ತಟ್ಟೆಯನ್ನು ತಿರುಗಿಸಿಟ್ಟೆ. ಆಗ ಉಳಿದದ್ದನ್ನೂ ತಿಂದರು. ಮಾರನೆಯ ದಿನ ಗಡ್ಡ ಮಾಡಿಕೊಂಡಾಗಲೂ ಎಡಗೆನ್ನೆ ಹಾಗೇ ಉಳಿಯಿತು.

ಕಣ್ಣಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಎಡಗಡೆ ಇರುವ ವಸ್ತು ಕಣ್ಣಿಗೆ ಬೀಳುತ್ತದೆ, ಆದರೆ ಅದು ಅಲ್ಲಿದೆ ಎಂಬುದು ಮನಸ್ಸಿಗೆ ಬರುವುದಿಲ್ಲ. ತಮಗೆ ಏನೋ ತಪ್ಪಿಹೋಗುತ್ತಿದೆ ಎಂದು ಅವರಿಗೇ ಗೊತ್ತಾಗುವುದಿಲ್ಲ. ಎಷ್ಟೋ ಜನಕ್ಕೆ ದಿನ ಕಳೆದ ಹಾಗೆ ಸರಿಹೋಗುತ್ತದೆ, ಮನೆಯವರು ನಿಗಾ ಇಟ್ಟು ನೋಡಬೇಕು, ಮುಂದಿನ ಸಲ ಬಂದು ತೋರಿಸುವವರೆಗೆ ಗಾಡಿ ಓಡಿಸಬಾರದು. ಹೀಗೆ ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ತಟ್ಟೆ ಪೂರ್ತಿ ಖಾಲಿಯಾಗುತ್ತಿತ್ತು, ಕೆನ್ನೆ ಎರಡೂ ನುಣ್ಣಗಾಗುತ್ತಿದ್ದವು. ಎಲ್ಲರೂ ಸರಿಹೋಯಿತು ಎಂದರು. ತಟ್ಟೆ ತಿರುಗಿಸಿಟ್ಟವಳು ನಾನು, ಆದ್ದರಿಂದ ಅಷ್ಟು ಸುಲಭವಾಗಿ ಒಪ್ಪಲು ನನಗೆ ಆಗಲಿಲ್ಲ.

ಶಾಲೆಗೆ ರಜೆ ಬಂದಿತ್ತು. ಮಣೆ ತೆಗೆದೆ. ಮೊದಲೆರಡು ಆಟ ನಾನೇ ಗೆದ್ದೆ, ಅದೂ ಸಲೀಸಾಗಿ. ಗೆದ್ದದ್ದು ಸಂತೋಷ ಕೊಡಲಿಲ್ಲ, ಏಕೆಂದರೆ ಮಾವ ಬಲಗಡೆಯ ಕಾಯಿಗಳಲ್ಲೇ ಆಡಿದರು. ಎಡಮೂಲೆಯ ಆನೆಯೂ ಕುದುರೆಯೂ ಕೊನೆಯವರೆಗೂ ಇಟ್ಟಲ್ಲೇ ಇದ್ದವು. ಬಹಳ ದಿನದಿಂದ ಆಡಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಷ್ಟರಲ್ಲಿ ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಹುಳು ಬಂದವು. ಎರಡು ಜ್ವರ ಮುಗಿಸಿಕೊಂಡ ಹುಳುಗಳು. ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಆಗ ಅವು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತವೆ. ಇನ್ನೆರಡು ಜ್ವರ ನಮ್ಮ ಮನೆಯಲ್ಲಿ ಕಳೆದು, ಆಮೇಲೆ ಹಣ್ಣಾಗಿ, ಬಿದಿರು ಹೆಣೆದ ಚಂದ್ರಿಕೆ ಹತ್ತಿ ಗೂಡು ಕಟ್ಟಬೇಕು. ಗಂಡ, ಅತ್ತೆ, ಕೂಲಿಗೆ ಬರುವ ಹೆಂಗಸರು ಎಲ್ಲರೂ ಹುಳು ಮನೆ ಸೇರಿದರು. ಮಾವನಿಗೆ ಮಾತ್ರ ಒಳಗೆ ಬಿಡಲಿಲ್ಲ. ಅವರ ಎಡಗೈಗೆ ದಿನಾ ತಿಕ್ಕುತ್ತಿದ್ದ ಎಣ್ಣೆಯ ಘಾಟು ಹುಳುಗಳಿಗೆ ಆಗುವುದಿಲ್ಲ. ಹುಟ್ಟಿದಂದಿನಿಂದ ಹುಳು ಸಾಕಿದವರು ಜಗಲಿಯ ಮೇಲೆ ಕೂತು, ಸೊಪ್ಪು ಒದ್ದೆ ಇತ್ತಾ, ಕಿಟಕಿ ತೆಗೆದಿದ್ದೀರಾ ಎಂದು ಕೂಗಿ ಕೇಳುವ ಹಾಗಾಯಿತು. ಅವರ ಮನಸ್ಸನ್ನು ಆ ಕಡೆಯಿಂದ ತಿರುಗಿಸಲೆಂದೇ ಮೂರನೇ ಆಟ ಹೂಡಿದೆ.

ಮಧ್ಯಾಹ್ನ ಊಟವಾದ ಮೇಲೆ ನಾಲ್ಕಾರು ನಡೆ, ಆಮೇಲೆ ಅವರು ಮಲಗುವುದು, ನಾನು ಸೊಪ್ಪು ಹಾಕಲು ಹೋಗುವುದು. ಆಟ ಹಾಗೇ ಉಳಿಯುತ್ತಿತ್ತು. ಕೋಳಿ ಬಂದು ಕೆದಕದಿರಲಿ ಎಂದು ಮಣೆಯ ಮೇಲೆ ಮೊರ ಕವುಚಿಡುತ್ತಿದ್ದೆವು.

ಒಂದು ದಿನ ನಾನು ಆನೆ ಎತ್ತಿಕೊಂಡು ಯೋಚಿಸುತ್ತಿರುವಾಗ ಒಳಗೆ ಹಾಲು ಉಕ್ಕಿ ಸೀದ ವಾಸನೆ ಬಂತು. ಕೈಯಲ್ಲಿದ್ದ ಆನೆಯನ್ನು ಕೊನೆಯ ಸಾಲಿನಲ್ಲಿ ಎಲ್ಲೋ ಇಟ್ಟು ಓಡಿದೆ. ವಾಪಸ್ಸು ಬಂದು ನೋಡುತ್ತೇನೆ, ಆನೆಯನ್ನು ಇಟ್ಟದ್ದು ನೇರವಾಗಿ ಮಾವನ ಒಂಟೆಯ ದಾರಿಗೆ. ಅದಕ್ಕೆ ನನ್ನ ಕಡೆಯಿಂದ ಯಾವ ಕಾವಲೂ ಇಲ್ಲ. ಅಪ್ಪ ಎದುರಿಗಿದ್ದಿದ್ದರೆ ಮೊಟಕುತ್ತಿದ್ದರು. ಆಯಿತು, ಹೋಯಿತು ಎಂದುಕೊಂಡು ನೋಡಿದರೆ ಮಾವ ಆಗಲೇ ತಮ್ಮ ನಡೆ ಮುಗಿಸಿದ್ದರು. ಬಲಗಡೆಯ ಒಂದು ಕಾಲಾಳನ್ನು ಒಂದು ಮನೆ ಮುಂದೆ ಸರಿಸಿದ್ದರು.

ಮೊದಲು ನನಗೆ ಬಂದದ್ದು ಖುಷಿ. ಅದು ಒಂದು ಕ್ಷಣದ್ದು. ಆನೆ ಇದ್ದದ್ದು ನನ್ನ ಬಲಗಡೆಯ ಕೊನೆಗೆ, ಅಂದರೆ ಅವರ ಎಡಗಡೆಯ ಕೊನೆಗೆ.

ಆನೆಯನ್ನು ಈಚೆಗೆ ತೆಗೆದುಬಿಡಬಹುದಿತ್ತು. ತೆಗೆದರೆ ಅವರಿಗೆ ಅದು ಕಂಡಿತ್ತೋ ಇಲ್ಲವೋ ನನಗೆಂದೂ ಗೊತ್ತಾಗುವುದಿಲ್ಲ. ಬಿಟ್ಟೆ. ಅಂದು ಹೊಡೆಯಲಿಲ್ಲ. ಮಾರನೆಯ ದಿನವೂ ಹೊಡೆಯಲಿಲ್ಲ. ಬಲಗಡೆ ಮಾತ್ರ ಅವರ ಆಟ ಗಟ್ಟಿಯಾಗಿತ್ತು. ಕುದುರೆಯನ್ನು ಕಾಲಾಳು ಕಾಯುತ್ತಿತ್ತು, ಕಾಲಾಳನ್ನು ಮಂತ್ರಿ ಕಾಯುತ್ತಿತ್ತು, ಎಲ್ಲಿ ಕೈ ಹಾಕಿದರೂ ನನಗೇ ನಷ್ಟ. ಇಷ್ಟು ಚೆನ್ನಾಗಿ ಆಡುವವರು ಬಿಟ್ಟಿ ಸಿಕ್ಕ ಆನೆಯನ್ನು ಬಿಡುತ್ತಾರೆಂದರೆ ಅದು ಅವರ ಪಾಲಿಗೆ ಅಲ್ಲಿ ಇಲ್ಲವೇ ಇಲ್ಲ ಎಂದರ್ಥ. ಬೇರೆ ಅರ್ಥ ನನಗೆ ಹೊಳೆಯಲಿಲ್ಲ.

ಪರೀಕ್ಷೆ ಮಾಡುವುದು ನನ್ನ ಕಸುಬು ತಾನೇ. ಕಾಫಿ ಲೋಟವನ್ನು ಅವರ ಎಡಗಡೆಗೆ ಇಟ್ಟೆ. ತೆಗೆದುಕೊಂಡು ಕುಡಿದರು. ಬಿಸಿಗೆ, ಘಮಕ್ಕೆ ಗೊತ್ತಾಗಿರಬೇಕು ಎಂದುಕೊಂಡೆ. ಜಗಲಿಯಲ್ಲಿ ಕೂತರೆ ಅಂಬಾಜಿದುರ್ಗ ಅವರ ಎಡಕ್ಕೆ ಬರುತ್ತದೆ. ಬೆಟ್ಟದ ಮೇಲೆ ಮೋಡ ಕಟ್ಟಿದೆಯಾ ಮಾವ ಎಂದು ಕೇಳಿದೆ. ಇಲ್ಲ ಎಂದರು, ನಿಜವಾಗಿಯೂ ಇರಲಿಲ್ಲ. ಆ ತಿಂಗಳಲ್ಲಿ ಯಾರನ್ನು ಕೇಳಿದರೂ ಇಲ್ಲವೆಂದೇ ಹೇಳುತ್ತಾರೆ ಎಂದು ಆಮೇಲೆ ಅನ್ನಿಸಿ ನನ್ನ ಮೇಲೇ ಸಿಟ್ಟು ಬಂತು. ಉಳಿದದ್ದು ಆ ಆನೆಯೊಂದೇ. ಅದನ್ನು ನೋಡಿದಾಗಲೆಲ್ಲ ಎತ್ತಿ ಬಾವಿಗೆ ಎಸೆಯೋಣ ಅನ್ನಿಸುತ್ತಿತ್ತು.

ಈ ನಡುವೆ ಮಾವ ಇನ್ನೊಂದು ಮಾತು ತೆಗೆದರು. ಗೂಡು ಬಿಡಿಸಿದ ದಿನ ತಾವೇ ಶಿಡ್ಲಘಟ್ಟಕ್ಕೆ ಹೋಗುವುದು. ಚೀಲಗಳು ಗೂಡ್ಸ್ ಆಟೋದಲ್ಲಿ ಹೋಗಲಿ, ತಾವು ಎಂದಿನಂತೆ ಸ್ಕೂಟರಿನಲ್ಲಿ ಅದರ ಹಿಂದೆ ಹೋಗುವುದಾಗಿ ಹೇಳಿದರು. ನನ್ನ ಗಂಡ ಆಗಲಿ ಎಂದೇಬಿಟ್ಟರು. ಮನುಷ್ಯ ಮನೆಯಲ್ಲೇ ಕೂತರೆ ಕುಗ್ಗಿಹೋಗುತ್ತಾನೆ, ಓಡಾಡಿದರೆ ಧೈರ್ಯ ಬರುತ್ತದೆ ಎಂಬುದು ಅವರ ಲೆಕ್ಕ. ಆ ರಸ್ತೆಯಲ್ಲಿ ಜಲ್ಲಿ ತುಂಬಿದ ಲಾರಿಗಳು ಹೇಗೆ ಬರುತ್ತವೆ ಎಂದು ನಾನು ದಿನಾ ಬಸ್ಸಿನಲ್ಲಿ ಕೂತು ನೋಡುವವಳು. ಎಡಗಡೆಯಿಂದ ಏನು ನುಗ್ಗಿದರೂ ಕಾಣದವರ ಕೈಗೆ ಸ್ಕೂಟರ್ ಕೊಡುವುದೇ? ಸೊಪ್ಪು ಹಾಕುತ್ತಿದ್ದ ಗಂಡನನ್ನು ಹೊರಗೆ ಕರೆದು, ಡಾಕ್ಟರು ನೋಡದೆ ಕೀ ಕೊಡಬೇಡಿ ಎಂದೆ. ಯಾಕೆ, ಸರಿಹೋಗಿದ್ದಾರಲ್ಲ ಎಂದರು. ಆನೆಯ ವಿಷಯ ಹೇಳಿದೆ. ಅವರಿಗೆ ಚೆಸ್ ಬರುವುದಿಲ್ಲ.

"ನಿನ್ನ ಆನೆ ಹೊಡೀಲಿಲ್ಲ ಅಂತ ಅಪ್ಪಂಗೆ ಗಾಡಿ ಕೊಡಬೇಡ ಅಂತೀಯಾ?" ಎಂದು ನಕ್ಕರು.

ನಗುವ ಮಾತಲ್ಲ ಎಂದು ರೇಗಿದೆ. ಅವರು ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು. ಮಾವನಿಗೇ ಹೇಳೋಣವೆಂದರೆ ಬಾಯಿ ಬರಲಿಲ್ಲ. ನಿಮಗೆ ಅರ್ಧ ಲೋಕ ಕಾಣುತ್ತಿಲ್ಲ ಎಂದು ಸೊಸೆಯಾದವಳು ಹೇಗೆ ಹೇಳುವುದು? ಹೇಳಿದರೆ ಅವರು ಕುಗ್ಗುತ್ತಾರೆ, ಹೇಳದಿದ್ದರೆ ಸ್ಕೂಟರ್ ಹತ್ತುತ್ತಾರೆ.

ಹುಳು ನಾಲ್ಕನೇ ಜ್ವರಕ್ಕೆ ಕೂತವು. ಅಂದು ಅಡಿಗೆಮನೆಯಲ್ಲಿ ದೊಡ್ಡದೊಂದು ಜಿರಲೆ ಓಡಿತು. ನನ್ನ ಮನಸ್ಥಿತಿಗೆ ಹೊಡೆಯಲು ಏನಾದರೂ ಬೇಕಾಗಿತ್ತು. ಪೊರಕೆ ಎತ್ತಿದೆ. ಅತ್ತೆ ನನ್ನ ಕೈ ಹಿಡಿದುಕೊಂಡರು. ಜಿರಲೆಯನ್ನು ಮೆಲ್ಲಗೆ ಕಸದ ಮೊರಕ್ಕೆ ತಳ್ಳಿ ಹಿತ್ತಲಿಗೆ ಹಾಕಿ ಬಂದರು. ಹುಳು ಇರುವವರೆಗೆ ನಮ್ಮ ಮನೆಯಲ್ಲಿ ಕೋಳಿ ಕುಯ್ಯುವುದಿಲ್ಲ, ಒಗ್ಗರಣೆ ಜೋರಾಗಿ ಹಾಕುವುದಿಲ್ಲ. ಅದು ವಾಸನೆಗಾಗಿ ಎಂದು ನಾನು ತಿಳಿದಿದ್ದೆ. ಜಿರಲೆಗೂ ವಾಸನೆಗೂ ಏನು ಸಂಬಂಧ ಎಂದು ಕೇಳಿದೆ.

ಅದು ನಿಮ್ಮ ಮಾವನ ತಾಯಿ ಮಾಡಿದ ನೇಮ ಎಂದರು ಅತ್ತೆ. ಮನೆಯಲ್ಲಿ ಹುಳು ಇದ್ದಾಗ ಯಾರೂ ಯಾವುದರ ಮೇಲೂ ಕೈ ಎತ್ತಬಾರದು, ಸೊಳ್ಳೆ ಹೊಡೆಯಬಾರದು, ಮಕ್ಕಳಿಗೂ ಹೊಡೆಯಬಾರದು. ಒಳಗೆ ಅಷ್ಟು ಜೀವ ಅಲ್ಲಾಡದೆ ಕೂತಿರುವಾಗ ಹೊರಗೆ ಹೊಡೆದಾಟ ಇರಬಾರದೆಂದು ಆಕೆ ನಂಬಿದ್ದರಂತೆ. ಅತ್ತೆಗೆ ಆ ನಂಬಿಕೆ ಅಷ್ಟಾಗಿ ಇಲ್ಲ, ಆದರೆ ಮಾವ ಬಿಟ್ಟವರಲ್ಲ. ಇದೇ ಹುಳುಗಳು ಶಿಡ್ಲಘಟ್ಟಕ್ಕೆ ಹೋದ ಮೇಲೆ ಬಿಸಿನೀರಿನಲ್ಲಿ ಬೇಯುತ್ತವಲ್ಲ ಅತ್ತೆ ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಅದು ಆ ಮನೆ ಮಾತು. ಇದು ನಮ್ಮನೆ," ಎಂದರು ಅತ್ತೆ. ಆಮೇಲೆ ಪೊರಕೆ ಮೂಲೆಗೆ ಇಡುತ್ತಾ, ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ, "ನಿಮ್ಮಾವ ಹುಳ ಇರೋವಾಗ ಮಣೆ ಮೇಲಿನ ಕಾಯಿನೂ ಹೊಡೆಯಲ್ಲ ಕಣಮ್ಮ. ಅವರ ತಮ್ಮ ಇದ್ದಾಗ ಇದೇ ಜಗಳ. ಹೊಡಿಯಲ್ಲ ಅಂದ್ಮೇಲೆ ಆಡೋದ್ಯಾಕೆ ಅಂತ ಎದ್ದೋಗ್ತಿದ್ದ," ಎಂದರು.

ನಾನು ಜಗಲಿಗೆ ಓಡಿದೆ. ಮಾವ ಮಲಗಿದ್ದರು. ಮೊರ ಎತ್ತಿ ನೋಡಿದೆ. ಕಾಯಿಗಳೆಲ್ಲ ಮಣೆಯ ಮೇಲೇ ಇದ್ದವು. ಇಷ್ಟು ದಿನದ ಆಟದಲ್ಲಿ ಒಂದು ಕಾಲಾಳೂ ಹೊರಗೆ ಬಂದಿರಲಿಲ್ಲ. ನನಗೆ ಹೊಡೆಯಲು ದಾರಿ ಬಿಡದ ಹಾಗೆ ಎಲ್ಲದಕ್ಕೂ ಕಾವಲಿಟ್ಟು, ತಾವೂ ಹೊಡೆಯದೆ, ಮಾವ ಆಟವನ್ನು ಹಾಗೇ ನಡೆಸಿಕೊಂಡು ಬಂದಿದ್ದರು. ಒಂದು ಆನೆಯನ್ನೇ ದುರುಗುಟ್ಟಿ ನೋಡುತ್ತಿದ್ದ ಗಣಿತದ ಟೀಚರಿಗೆ ತುಂಬಿದ ಮಣೆ ಕಂಡಿರಲಿಲ್ಲ. ನನ್ನಷ್ಟಕ್ಕೆ ನಾನೇ ನಕ್ಕೆ. ಮೆಟ್ಟಿಲ ಮೇಲೆ ಕೂತೆ.

ಕೂತು ಸ್ವಲ್ಪ ಹೊತ್ತಾದ ಮೇಲೆ ಲೆಕ್ಕ ಮತ್ತೆ ತಪ್ಪಿತು. ಹೊಡೆಯದಿದ್ದುದಕ್ಕೆ ನೇಮ ಕಾರಣವಿರಬಹುದು. ಆದರೆ ಅವರಿಗೆ ಆನೆ ಕಂಡಿದೆ ಎಂದು ಅದರಿಂದ ಹೇಗೆ ಹೇಳುವುದು? ಕಂಡೂ ಬಿಟ್ಟಿರಬಹುದು, ಕಾಣದೆಯೂ ಬಿಟ್ಟಿರಬಹುದು. ಹುಳು ಚಂದ್ರಿಕೆ ಹತ್ತಿದರೆ ನೇಮ ಮುಗಿಯುತ್ತದೆ ಎಂದಿದ್ದರು ಅತ್ತೆ. ಅಲ್ಲಿಯವರೆಗೆ ಆನೆ ಅಲ್ಲೇ ಇರಬೇಕು, ನಾನು ಬಾಯಿ ಮುಚ್ಚಿಕೊಂಡಿರಬೇಕು. ಎರಡರಲ್ಲಿ ಎರಡನೆಯದೇ ಕಷ್ಟವಾಯಿತು.

ಹುಳು ಜ್ವರದಿಂದೆದ್ದು ಸೊಪ್ಪಿಗೆ ಮುಗಿಬಿದ್ದವು. ತೋಟದಿಂದ ಎಷ್ಟು ತಂದರೂ ಸಾಲದು. ಆ ದಿನಗಳಲ್ಲಿ ನಮ್ಮ ಆಟ ಒಂದೆರಡು ನಡೆಗೆ ಇಳಿಯಿತು. ಆಮೇಲೆ ಒಂದು ಬೆಳಿಗ್ಗೆ ಹುಳುಗಳ ಮೈ ಹಳದಿ ತಿರುಗಿತು, ಸೊಪ್ಪು ಬಿಟ್ಟು ತಲೆ ಆಡಿಸತೊಡಗಿದವು. ಹಣ್ಣಾದವು ಎಂದು ಅತ್ತೆ ಕೂಗಿದರು. ಊಟ ತಿಂಡಿ ಬಿಟ್ಟು ಎಲ್ಲರೂ ಹುಳು ಆರಿಸಿ ಚಂದ್ರಿಕೆಗೆ ಬಿಟ್ಟೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹುಳುವಿನ ಕೊನೆಯ ತಟ್ಟೆಯೂ ಖಾಲಿಯಾಯಿತು. ಚಂದ್ರಿಕೆಗಳ ಮೇಲೆ ತೆಳ್ಳಗೆ ನೂಲು ಕಾಣಿಸಿತು. ಎಲ್ಲ ಹತ್ತಿದವು ಎಂದು ನಾನೇ ಜಗಲಿಗೆ ಹೋಗಿ ಮಾವನಿಗೆ ಹೇಳಿದೆ. ಸರಿ ಎಂದು ಎದ್ದು ಸ್ನಾನಕ್ಕೆ ಹೋದರು.

ಸ್ನಾನ ಮಾಡಿ ಬಂದು ತಾವಾಗಿಯೇ ಮಣೆಯ ಮುಂದೆ ಕೂತರು. ಅವರದೇ ಸರದಿ. ಬಲಗಡೆಗೆ ನೋಡಿದರು. ಬಲಗೈಯಿಂದ ಕುದುರೆಯ ತಲೆ ಮುಟ್ಟಿದರು. ಕುದುರೆ ಬೇಡ ಮಾವ, ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕೂತರು, ಬಹಳ ಹೊತ್ತು ಕೂತರು. ಆಮೇಲೆ ಇನ್ನೂ ಸರಿಯಾಗಿ ಬಲ ಬಾರದ ಎಡಗೈಯನ್ನು ಚಾಚಿ, ನನ್ನ ಆನೆಯನ್ನು ಬೆರಳುಗಳಲ್ಲಿ ಹಿಡಿದು ಎತ್ತಿ, ಬಲಗೈಯಿಂದ ಒಂಟೆಯನ್ನು ಅದರ ಜಾಗಕ್ಕೆ ಇಟ್ಟರು.

"ಪೋಯಿಂದಮ್ಮಾ ನೀ ಏನುಗು," ಎಂದರು. ಆನೆ ಹೋಯಿತು ಎಂದು ತೆಲುಗಿನಲ್ಲಿ. ಖುಷಿಯಾದರೆ ಅವರ ಬಾಯಿಗೆ ತೆಲುಗೇ ಬರುವುದು.

ನಾನು ಅತ್ತುಬಿಟ್ಟೆ. ತಡೆಯಲು ನೋಡಿದೆ, ಆಗಲಿಲ್ಲ. ಸಮಾಧಾನಕ್ಕೂ ಇಷ್ಟು ಅಳು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾವ ಗಾಬರಿಯಾದರು. ಒಂದು ಆನೆಗೆ ಯಾರಾದರೂ ಅಳುತ್ತಾರಾ, ಬೇಕಿದ್ದರೆ ವಾಪಸ್ಸು ಇಟ್ಟುಕೋ ಎಂದರು. ಅದು ನಿಮಗೆ ಯಾವಾಗಿನಿಂದ ಕಾಣುತ್ತಿತ್ತು ಎಂದು ಕೇಳಿದೆ. ಹಾಲು ಉಕ್ಕಿತು ಎಂದು ನೀನು ಎದ್ದು ಓಡಿದಾಗಿನಿಂದ ಎಂದರು. ಹುಳು ಇರುವಾಗ ತಾವು ಹೊಡೆಯುವುದಿಲ್ಲ ಎಂದು ತಿಳಿದೇ ಸೊಸೆ ಧೈರ್ಯವಾಗಿ ಅಲ್ಲಿ ನಿಲ್ಲಿಸಿದ್ದಾಳೆ, ಗೌರಿಬಿದನೂರಿನವರ ಬುದ್ಧಿಯೇ ಇಷ್ಟು ಎಂದು ಮೊದಲೆರಡು ದಿನ ಒಳಗೊಳಗೇ ಬೈದುಕೊಂಡಿದ್ದರಂತೆ. ಆಗ ನಾನು ಎಲ್ಲ ಹೇಳಿಬಿಟ್ಟೆ. ತಟ್ಟೆಯಿಂದ ಹಿಡಿದು ಕಾಫಿ ಲೋಟ, ಬೆಟ್ಟದ ಮೋಡ, ಸ್ಕೂಟರಿನ ಕೀಯವರೆಗೆ. ಕೀಯನ್ನು ಆಮೇಲೆ ಡಾಕ್ಟರು ನೋಡಿ ಹೂಂ ಎಂದ ಮೇಲೆಯೇ ಕೊಟ್ಟದ್ದು. ಅದನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ.

ಮಾವ ನನ್ನ ಆನೆಯನ್ನು ಕೈಯಲ್ಲಿಟ್ಟುಕೊಂಡೇ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಆಸ್ಪತ್ರೇಲಿ ತಟ್ಟೆ ತಿರುಗಿಸಿದ್ಯಲ್ಲ, ನಂಗೂ ಗೊತ್ತಾಯ್ತು ಕಣಮ್ಮ," ಎಂದರು. "ಎಲ್ಲಾ ತಿಂದಿದ್ದೀನಿ ಅಂದ್ಕೊಂಡಿದ್ದೆ. ತಿರುಗಿಸಿದ್ಮೇಲೆ ನೋಡಿದ್ರೆ ಅಷ್ಟು ಅನ್ನ. ಅವತ್ತಿಂದ ಭಯ. ಇನ್ನೂ ಏನೇನು ಕಾಣದೆ ಹೋಗ್ತಾ ಐತೋ ಅಂತ. ಯಾರನ್ನ ಕೇಳಲಿ? ನೀನು ಆನೆ ಇಟ್ಟ ಮೇಲೆ ದಿನಾ ಬೆಳಿಗ್ಗೆ ಎದ್ದು ಬಂದು ಮೊರ ಎತ್ತಿ ನೋಡ್ತಿದ್ದೆ. ಎಡಗಡೆ ಆನೆ ಐತಾ ಅಂತ. ಕಾಣ್ತಿತ್ತು. ಆಮೇಲೆ ಹೋಗಿ ಕಾಫಿ ಕುಡೀತಿದ್ದೆ."

ಅವರು ಆನೆಯನ್ನು ಮಣೆಯ ಹೊರಗೆ ನೆಲದ ಮೇಲೆ ಇಟ್ಟರು.

"ಈಗ ಹೊಡೆಯೋಕೆ ಮನಸ್ಸೇ ಬರ್ಲಿಲ್ಲ. ನಾಳೆ ಎದ್ದು ಏನು ನೋಡ್ಲಿ?"

ನನ್ನ ಸರದಿ ಬಂದಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಮಣೆ ನೋಡಿದೆ. ನನ್ನ ಮಂತ್ರಿಗೆ ಆ ಒಂಟೆಯ ಪಕ್ಕದವರೆಗೆ ದಾರಿ ಬಿಟ್ಟಿತ್ತು. ಅಲ್ಲಿಗೆ ಹೋದರೆ ಅವರ ಕುದುರೆಗೆ ಸಿಗುತ್ತದೆ, ಕಾವಲಿಲ್ಲ, ಪ್ರತಿಫಲವಿಲ್ಲ, ಅಪ್ಪ ನೋಡಿದ್ದರೆ ಮಣೆಯನ್ನೇ ಎತ್ತಿಡುತ್ತಿದ್ದರು. ಮಂತ್ರಿಯನ್ನು ಎತ್ತಿ ಮಾವನ ಎಡಗಡೆಯ ಕೊನೆಯ ಸಾಲಿಗೆ ಇಟ್ಟೆ.

ಮಾವ ಅದನ್ನು ನೋಡಿದರು, ನನ್ನನ್ನು ನೋಡಿದರು. ಮೊರ ಎತ್ತಿ ಮಣೆಯ ಮೇಲೆ ಕವುಚಿದರು.

"ಬೆಳಿಗ್ಗೆ ನೋಡ್ಕೊಂಡು ಹೊಡೀತೀನಿ ಬಿಡು," ಎಂದರು.